ರಂಭೆಯ ಬೆಚ್ಚನೆಯ ಲಗಾಮು

ಈಗೀಗ ನನ್ನ ಹಲ್ಲುಗಳು ನನಗಿಂತ ಮೊದಲೇ ಸ್ನಾನ ಮುಗಿಸಿರುತ್ತವೆ. ರಾತ್ರಿ ಬಟ್ಟಲ ನೀರಿಗೆ ಹಾಕಿಟ್ಟು ಬೆಳಿಗ್ಗೆ ಎತ್ತಿ ಬಾಯಿಗಿಟ್ಟುಕೊಳ್ಳುವುದು. ಬೇಸಿಗೆಯಲ್ಲಿ ಸುಖವೇ. ಆದರೆ ಇವತ್ತು, ಕೊಟ್ಟೂರಿನ ಈ ಬಯಲುಗಾಳಿಯ ಚಳಿಯಲ್ಲಿ, ಆ ಸೆಟ್ಟನ್ನು ಒಸಡಿಗೆ ತಾಗಿಸಿದೆ ನೋಡಿ, ನೆತ್ತಿಯವರೆಗೂ ಜುಮ್ಮೆಂದಿತು. ಥೂ ಎಂದು ಮತ್ತೆ ಬಟ್ಟಲಿಗೇ ಹಾಕಿದೆ. ಆಗ ನೆನಪಾದಳು ರಂಭೆ.

ಗಾಬರಿಯಾಗಬೇಡಿ. ರಂಭೆ ನನ್ನ ಸೋದರಮಾವ ಕೊಟ್ರಪ್ಪನ ಬಿಳಿ ಕುದುರೆ. ನಾನು ಹೊಸದಾಗಿ ಮೇಷ್ಟ್ರಾಗಿ ಹಿರೇಹಡಗಲಿಗೆ ಹೋದಾಗ ಉಳಿದುಕೊಂಡದ್ದು ಮಾವನ ಮನೆಯಲ್ಲೇ. ಮದುವೆ ಮೆರವಣಿಗೆಗೆ ಕುದುರೆ ಕೊಡುವುದು ಅವನ ಕಸುಬು. ಕುದುರೆಗೆ ರಂಭೆ ಎಂದು ಹೆಸರಿಟ್ಟವನೂ ಅವನೇ. ಅದೊಂದನ್ನು ಹಾಲಮ್ಮತ್ತೆ ಕೊನೆಯವರೆಗೂ ಕ್ಷಮಿಸಲಿಲ್ಲ.

ಚಳಿಗಾಲದಲ್ಲಿ ಮಾವ ರಂಭೆಯನ್ನು ಸಿಂಗರಿಸುವ ಚಂದ ನೋಡಬೇಕಿತ್ತು. ಮೊದಲು ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಅವಳ ಬೆನ್ನು ತಿಕ್ಕುವುದು. ಕಂಬಳಿಯನ್ನು ಒಮ್ಮೆಗೇ ಕಿತ್ತೆಸೆಯದೆ, ಅರ್ಧ ಮಡಚಿ, ಕೂಡಲೇ ಅಲ್ಲಿ ಜೀನು ಇಡುವುದು. ಹೊಟ್ಟೆಪಟ್ಟಿ ಸ್ವಲ್ಪ ಬಿಗಿದು, ಅಂಗಳದಲ್ಲಿ ಒಂದು ಸುತ್ತು ನಡೆಸಿ, ಆಮೇಲೆ ಇನ್ನಷ್ಟು ಬಿಗಿಯುವುದು. ಕುದುರೆಯ ಬಾಯಿಗಿಡುವ ಲಗಾಮಿನ ಕಬ್ಬಿಣ ರಾತ್ರಿಯೆಲ್ಲ ಒಲೆಯ ಪಕ್ಕದ ಗೂಟದಲ್ಲಿ ನೇತಾಡಬೇಕು. ಬೆಳಿಗ್ಗೆ ಅದನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡೇ ಅವನು ಚಹಾ ಕುಡಿಯುತ್ತಿದ್ದ. ಅಂಗಿಯಿಂದ ಪಟ್ಟಿಗಳು ಜೋತಾಡುತ್ತಿದ್ದರೂ ಮುಖದಲ್ಲಿ ಮಾತ್ರ ಭಾರಿ ಗಾಂಭೀರ್ಯ.

ಅತ್ತೆಗೆ ಇದನ್ನು ಕಂಡರೆ ಮೈಯೆಲ್ಲ ಉರಿ. ಒಂದು ಸಂಜೆ ನನ್ನನ್ನು ಪಂಚಾಯ್ತಿಗೆ ಕೂರಿಸಿಯೇಬಿಟ್ಟಳು. "ನೀನ ಹೇಳಪಾ ಮಾಸ್ತರಾ. ಹೊತ್ತು ಮೂಡೂಕಿಂತ ಮೊದ್ಲ ಎದ್ದು ತಣ್ಣೀರಾಗ ಕೈ ಹಾಕಾಕಿ ನಾನು. ನನಗ ಒಂದ್ ದಿನಾನರ ನೀರು ಕಾಸಿಕೊಟ್ಟಾರೇನು ಕೇಳು. ಆಕಿಗೆ ಮಾತ್ರ ಹೊಟ್ಟಿ ಮ್ಯಾಲ ಕಬ್ಬಿಣ ಕಾಸ್ತಾರ!"

ಮಾವ ತಲೆ ಎತ್ತದೆ, "ಆಕಿಗೆ ಬಾಯಿಲ್ಲಲ್ಲ, ಹೇಳಾಕ ಬರಂಗಿಲ್ಲ" ಎಂದ.

"ಹೌದ್ರಿ, ನನಗ ಬಾಯಿ ಐತಿ. ನಾಳಿ ಮೊದಲನೇ ಬಸ್ಸಿಗೆ ಚಿಗಟೇರಿಗೆ ಹೊಂಟೆ. ನಮ್ಮಣ್ಣನ ಮನ್ಯಾಗ ಇರ್ತೀನಿ. ಆಕಿ ಕೈಲೆ ರೊಟ್ಟಿ ಬಡಿಸ್ಕೋರಿ!"

ಅತ್ತೆ ಚೀಲಕ್ಕೆ ಸೀರೆ ತುಂಬಿ ಬಾಗಿಲ ಬಳಿ ಇಟ್ಟಳು. ಸಾಲದ್ದಕ್ಕೆ, ಒಲೆಯ ಪಕ್ಕದ ಲಗಾಮನ್ನು ಒಯ್ದು ಹೊರಗಿನ ಬೇವಿನ ಕೊಂಬೆಗೆ ಸಿಕ್ಕಿಸಿಬಂದಳು. ನಾನು ನೋಡಿದೆ. ಇಬ್ಬರ ಅನ್ನದ ಋಣವೂ ನನ್ನ ಮೇಲಿದ್ದುದರಿಂದ ಸುಮ್ಮನಿದ್ದೆ.

ಬೆಳಿಗ್ಗೆ ಬಾಗಿಲಲ್ಲಿ ಮೆರವಣಿಗೆಗೆ ಕುದುರೆ ಗೊತ್ತುಮಾಡಿದ್ದ ಮದುವೆಯವರು, ಬ್ಯಾಂಡಿನವರು, ಬಾಸಿಂಗ ಕಟ್ಟಿಕೊಂಡು ನಡುಗುವ ಮದುಮಗ. ಲಗಾಮು ಇಬ್ಬನಿಯಲ್ಲಿ ತೊಯ್ದು ಕೊರೆಯುತ್ತಿತ್ತು. ಮಾವ ಅದನ್ನು ಹಾಗೇ ಹೊಟ್ಟೆಗಿಟ್ಟುಕೊಂಡು "ಹಾ!" ಎಂದು ಕುಣಿದ. ಮದುಮಗನ ಅಪ್ಪನಿಗೆ ತಾಳ್ಮೆ ಇರಲಿಲ್ಲ.

"ಏನ್ರಿ ನಿಮ್ಮ ಸ್ವಾಂಗ! ಹಾಕ್ರಿ ಬಾಯಿಗೆ, ಮುಹೂರ್ತ ಮೀರತೈತಿ."

ಮಾವ ಲಗಾಮು ಹೊರತೆಗೆದು ವಿನಯದಿಂದ ಮುಂದೆ ಹಿಡಿದ. "ತಗೋರಿ ಯಜಮಾನ್ರ, ಮೊದ್ಲ ನಿಮ್ಮ ಬಾಯಾಗ ಇಟ್ಕೊಂಡು ನೋಡ್ರಿ."

ಬ್ಯಾಂಡಿನವರು ಗೊಳ್ಳೆಂದರು. ಯಜಮಾನರ ಮುಖ ಕೆಂಪಾಯಿತು. "ಕುದುರಿನ ಬ್ಯಾಡ! ಟ್ರ್ಯಾಕ್ಟರ್ ಮ್ಯಾಲ ಕುಂದ್ರಸ್ತೀವಿ ನಮ್ಮ ಹುಡುಗನ್ನ!" ಎಂದು ತಿರುಗಿದರು. ಊರ ಮುಂದೆ ಹಾಗಾದರೆ ಮಾವನನ್ನು ಇನ್ನು ಯಾರು ಕರೆಯುತ್ತಾರೆ? ಆದರೂ ಅವನು ತಣ್ಣನೆಯ ಕಬ್ಬಿಣವನ್ನು ರಂಭೆಯ ಬಾಯಿಗಿಡಲಿಲ್ಲ. ಮತ್ತೆ ಅಂಗಿಯೊಳಗೆ ಹಾಕಿಕೊಂಡು ನಡುಗುತ್ತ ನಿಂತ. ಆಚೆ ಬಸ್ಸಿನ ಹಾರನ್ ಕೇಳಿಸಿತು.

ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಹಂಚಿನಿಂದ ಆಗಷ್ಟೇ ತೆಗೆದ ಜೋಳದ ರೊಟ್ಟಿ. "ನಿಮ್ಮ ಹೊಟ್ಟಿ ಯಾವಾಗ ಕಾಯಬೇಕು, ಈ ಮದಿವಿ ಯಾವಾಗ ಆಗಬೇಕು!" ಎಂದು ಅವನ ಅಂಗಿಗೇ ಕೈಹಾಕಿ ಲಗಾಮು ಎಳೆದು, ರೊಟ್ಟಿಯಲ್ಲಿ ಸುತ್ತಿ ಒತ್ತಿ ಹಿಡಿದಳು. ಆಮೇಲೆ ಬಿಚ್ಚಿ, ಕಬ್ಬಿಣವನ್ನು ತನ್ನ ಕೆನ್ನೆಗೆ ತಾಗಿಸಿ ನೋಡಿ, "ತಗೋಳವ್ವಾ, ಮಹಾರಾಣಿ" ಎಂದಳು. ರಂಭೆ ರೊಟ್ಟಿಯ ವಾಸನೆಗೆ ಬಾಯಿ ತೆರೆದಳು. ಲಗಾಮೂ ಹೋಯಿತು, ರೊಟ್ಟಿಯೂ ಹೋಯಿತು. ಬಸ್ಸೂ ಹೋಗಿತ್ತು.

ಮರುದಿನ ಅತ್ತೆ ಏಳುವಾಗ ಹಂಡೆಯಲ್ಲಿ ನೀರು ಕಾದಿತ್ತು. ಮಾವ ಒಲೆಯ ಮುಂದೆ ಬೆಚ್ಚಗೆ ಮಾಡಿದ ಕಂಬಳಿಯೊಂದನ್ನು ತಂದು ಅವಳಿಗೆ ಹೊದಿಸಿದ. ಅತ್ತೆ ಮೂಸಿ ನೋಡಿದಳು.

"ಇದು ಆಕಿ ಕಂಬಳಿ ಅಲ್ಲೇನ್ರಿ?"

"ಹೌದು. ಒಳ್ಳೇದು ಇದ್ದದ್ದು ಅದೊಂದ."

ಅತ್ತೆ ಬೈಯುತ್ತಾಳೆಂದು ನಾನು ಕಾದೆ. ಅವಳು ಅದನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡು ಒಲೆಯ ಮುಂದೆ ಕೂತಳು. ಅವತ್ತು ನನ್ನ ರೊಟ್ಟಿಯಲ್ಲಿ ಒಂದು ಬಿಳಿ ಕೂದಲು ಸಿಕ್ಕಿತು. ಅದು ಅತ್ತೆಯದಲ್ಲವೆಂದು ಗೊತ್ತಿದ್ದರೂ ತಿಂದೆ.

ಇಷ್ಟನ್ನು ನೆನೆದು ನಗುತ್ತಿದ್ದಾಗ ಒಳಗಿನಿಂದ ನನ್ನವಳು ಕರೆದಳು. ಮೊಣಕಾಲಿಗೆ ಎಣ್ಣೆ ಹಚ್ಚುವ ಹೊತ್ತು. ದಿನಾ ಹಚ್ಚುತ್ತೇನೆ, ದಿನಾ ಅವಳು "ಸ್ಸ್" ಎನ್ನುತ್ತಾಳೆ. ನೋವಿಗೆಂದುಕೊಂಡಿದ್ದೆ, ತಣ್ಣನೆಯ ಎಣ್ಣೆಗೆಂದು ಹೊಳೆದಿರಲಿಲ್ಲ. ಇವತ್ತು ಸೀಸೆಯನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ಹೋದೆ. ಹಾ, ಏನು ಚಳಿ! ಅವಳು ನನ್ನ ಉಬ್ಬಿದ ಅಂಗಿಯನ್ನೇ ನೋಡಿದಳು. ಮಾವನ ಕತೆಯನ್ನು ನನ್ನ ಬಾಯಲ್ಲಿ ಸಾಕುಸಾಕೆನ್ನುವಷ್ಟು ಕೇಳಿದವಳು.

"ಏನ್ರಿ, ನನಗೂ ಲಗಾಮು ಹಾಕ್ತೀರೇನು?"

ತಕ್ಕ ಉತ್ತರ ನಾಲಿಗೆಯ ತುದಿಯವರೆಗೂ ಬಂದಿತ್ತು. ಹಲ್ಲುಗಳು ಮಾತ್ರ ಇನ್ನೂ ಬಟ್ಟಲಲ್ಲೇ ಇದ್ದವು. ಕೂತು ಎಣ್ಣೆ ಹಚ್ಚಿದೆ. ಅವಳು "ಸ್ಸ್" ಎನ್ನಲಿಲ್ಲ.