ಹೊಳೆ ದಾಟು ಬಾ, ಅಣ್ಣ

ಖೆತಿವೆಯ ಬಾಯಿಗೆ ಬೀಗವಿಲ್ಲ ಎಂಬುದು ಟುಗೆಲಾ ಹೊಳೆಯ ಎರಡೂ ದಡಕ್ಕೆ ಗೊತ್ತು. ಸಂತೆಯಲ್ಲಿ ಕುಂಬಳಕಾಯಿ ಮಾರುತ್ತ ಮೂವತ್ತು ವರ್ಷ ಊರಿನ ಸುದ್ದಿಯನ್ನೆಲ್ಲ ಪುಕ್ಕಟೆ ಹಂಚಿದವಳು. ಅಂಥವಳ ಕೈಗೆ ಎಲಚಿ ಕೊಂಬೆ ಕೊಟ್ಟು, ಹನ್ನೊಂದು ವರ್ಷದ ಹಿಂದೆ ಜೋಹಾನ್ಸ್‌ಬರ್ಗಿನ ಆಸ್ಪತ್ರೆಯಲ್ಲಿ ತೀರಿಕೊಂಡ ಅಣ್ಣ ವೆಲಾಫಿಯ ಜೀವವನ್ನು ಮನೆಗೆ ಕರೆದುಕೊಂಡು ಬಾ ಎಂದರೆ ಊರು ನಗದೆ ಇದ್ದೀತೆ? ಸತ್ತವರ ಜೀವ ಆ ಕೊಂಬೆಯ ಜೊತೆಗೇ ಮನೆಗೆ ಬರುತ್ತದೆ; ಅದನ್ನು ಹಿಡಿದವರು ದಾರಿಯುದ್ದಕ್ಕೂ ಆ ಜೀವದ ಜೊತೆ ಮಾತ್ರ ಮಾತಾಡಬೇಕು. ಬೇರೆಯವರ ಮುಂದೆ ತುಟಿ ಬಿಚ್ಚುವಂತಿಲ್ಲ.

ಆದರೆ ಮೊನ್ನೆ ಚಿಕ್ಕಪ್ಪನ ಕನಸಿಗೆ ಬಂದು ವೆಲಾಫಿಯೇ ಹೇಳಿದ್ದ: “ಬರ್ಬೇಡ ಅಂದೋಳೇ ಬಂದು ಕರೀಲಿ.”

ಹನ್ನೆರಡು ವರ್ಷದ ಹಿಂದೆ, ಅಪ್ಪನನ್ನು ಮಣ್ಣು ಮಾಡಿ ತಿಂಗಳಾದ ಮೇಲೆ ಬಂದ ಅಣ್ಣನನ್ನು ಸೇತುವೆಯ ಮೇಲೇ ತಡೆದು, “ಇನ್ಮೇಲೆ ಈ ಹೊಳೆ ದಾಟ್ಬೇಡ” ಎಂದು ಅಟ್ಟಿದವಳು ಅವಳೇ. ಅವನು ಮತ್ತೆ ದಾಟಲಿಲ್ಲ. ಮರುವರ್ಷ ಗಣಿಯ ಧೂಳು ಅವನ ಎದೆಯನ್ನು ತಿಂದು ಹಾಕಿತು. ಈಗ ತಾನು ಕರೆದರೆ ಬರುತ್ತಾನೋ ಇಲ್ಲವೋ ಎಂದು ಖೆತಿವೆಗೆ ಜೀವ ಪುಕಪುಕ ಎನ್ನುತ್ತಿತ್ತು.

ಆಸ್ಪತ್ರೆಯಲ್ಲಿ ಅವನ ಹೆಸರು ಕೂಗಿ ಕರೆದು, ಊರ ಕಡೆ ಹೋಗುವ ಬಾಡಿಗೆ ವ್ಯಾನಿನಲ್ಲಿ ಅವನಿಗೂ ಒಂದು ಸೀಟು ಹಿಡಿದಳು. ನಡುವೆ ಹತ್ತಿದ ದಪ್ಪನೆಯ ಹೆಂಗಸೊಬ್ಬಳು ಆ ಸೀಟಿನ ಮೇಲೆ ಗಂಟು ಇಟ್ಟಳು. ಖೆತಿವೆ ಕೊಂಬೆಯ ಕಡೆ ತಿರುಗಿ, “ಅಣ್ಣಾ, ನಿನ್ ತೊಡೆ ಮೇಲೆ ಯಾರೋ ಮೂಟೆ ಇಟ್ಟವ್ರೆ. ಬೇಜಾರ್ ಮಾಡ್ಕೋಬೇಡ, ಪಾಪ, ಕಣ್ ಕಾಣಲ್ಲ ಅನ್ಸುತ್ತೆ” ಎಂದಳು. ಹೆಂಗಸು ಕೊಂಬೆ ನೋಡಿ ಗಡಬಡಿಸಿ ಗಂಟು ಎತ್ತಿಕೊಂಡು, “ತಪ್ಪಾಯ್ತಪ್ಪ” ಎಂದು ಖಾಲಿ ಸೀಟಿಗೆ ತಲೆಬಾಗಿದಳು.

ಮಧ್ಯಾಹ್ನ ಸೇತುವೆಯ ಈಚೆ ಡ್ರೈವರ್ ತಾನಾಗಿಯೇ ವ್ಯಾನು ನಿಲ್ಲಿಸಿದ. ನೀರು ದಾಟುವುದನ್ನು ಜೊತೆಗಿರುವ ಜೀವಕ್ಕೆ ಹೇಳಬೇಕು. ಹೇಳದಿದ್ದರೆ ಅದು ಈಚೆ ದಡದಲ್ಲೇ ಉಳಿದುಬಿಡುತ್ತದೆ. ದಾರಿಯುದ್ದಕ್ಕೂ ಅಣ್ಣನಿಗೆ ಊರೂರಿನ ಹೆಸರು ಹೇಳುತ್ತ ಬಂದವಳಿಗೆ ಇಲ್ಲಿ ಬಾಯಿ ಕಟ್ಟಿಹೋಯಿತು.

ಡ್ರೈವರ್ ಇಂಜಿನ್ ಆರಿಸಿದ. ಹಿಂದಿನ ಸೀಟಿನ ಮುದುಕನೊಬ್ಬ, “ನಿಧಾನಕ್ಕೆ ಹೇಳವ್ವ. ನಮ್ಗೇನೂ ಅವಸರ ಇಲ್ಲ” ಎಂದ.

“ಅಣ್ಣಾ, ಇದು ಟುಗೆಲಾ,” ಎಂದಳು ಖೆತಿವೆ. “ಅವತ್ತು ಇಲ್ಲಿ ನಾನ್ ಆಡಿದ್ದು ತಪ್ಪು. ಗಣಿಯೋರು ನಿಂಗೆ ರಜ ಕೊಡ್ಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಗೊತ್ತಾದ್ಮೇಲೂ ಒಂದ್ ಕಾಗದ ಬರೀಲಿಲ್ಲ ನೋಡು, ಅದು ನನ್ ಸೊಕ್ಕು. ಆ ಮಾತು ವಾಪಸ್ ತಗೊಂಡಿದೀನಿ. ದಾಟು ಬಾ.”

ವ್ಯಾನು ಹೊರಟಿತು. ಆಚೆ ದಡ ಮುಟ್ಟುವಷ್ಟರಲ್ಲಿ ಅವಳ ಕಣ್ಣೀರು ಕೆನ್ನೆಗಿಳಿದಿತ್ತು, ಎದೆ ಹಗುರವಾಗಿತ್ತು. ಬಾಯಿಯೂ ಬಿಟ್ಟುಕೊಂಡಿತು. ಯಾರ ಹಸು ಕರು ಹಾಕಿತು, ಯಾರ ಮಗಳು ಯಾರ ಹಿಂದೆ ಓಡಿಹೋದಳು ಎಂದು ಹನ್ನೆರಡು ವರ್ಷದ ಸುದ್ದಿಯನ್ನೆಲ್ಲ ಅಣ್ಣನಿಗೆ ಒಪ್ಪಿಸತೊಡಗಿದಳು. ವ್ಯಾನಿನವರೂ ಕಿವಿಗೊಟ್ಟು ಕೇಳಿದರು.

ಮನೆಯ ಬೇಲಿಯ ಬಳಿ ಚಿಕ್ಕಪ್ಪ ಓಡೋಡಿ ಬಂದು ವ್ಯಾನಿನ ಬಾಗಿಲು ಎಳೆದ. “ಬಂದ್ನೇನೇ?” ಎಂದು ಕೇಳಿದ.

ಅವಳು ಉತ್ತರ ಕೊಡುವಂತಿರಲಿಲ್ಲ. ಪಕ್ಕದ ಸೀಟಿನ ಕಡೆ ತಿರುಗಿ, “ಇಳಿ ಅಣ್ಣಾ,” ಎಂದಳು. “ಚಿಕ್ಕಪ್ಪ ನಿನ್ನೇ ಕೇಳ್ತಾವ್ನೆ.”