ಕಾರ್ಕಳದ ಟೀಚರ್ ಕೇಳಿದ ಒಂದು ಪ್ರಶ್ನೆ

ಐದು ವರ್ಷಗಳ ಹಿಂದೆ, ನಿವೃತ್ತಿಗೆ ಇನ್ನೆರಡು ಮಳೆಗಾಲ ಬಾಕಿ ಇದ್ದಾಗ, ನಾನು ಉಡುಪಿಯಲ್ಲಿ ಪೊಲೀಸ್ ಗುಪ್ತವಾರ್ತೆ ವಿಭಾಗದ ಇನ್‌ಸ್ಪೆಕ್ಟರ್ ಆಗಿದ್ದೆ. ಸಿನಿಮಾದಲ್ಲಿ ಕಾಣುವಂಥದ್ದು ಈ ಹುದ್ದೆಯಲ್ಲಿ ಏನೂ ನಡೆಯುವುದಿಲ್ಲ. ಯಾರ ಮೆರವಣಿಗೆ ಎಲ್ಲಿ, ಯಾವ ಸಭೆಗೆ ಎಷ್ಟು ಜನ ಎಂದು ವರದಿ ಬರೆಯುವುದೇ ಹೆಚ್ಚು. ಆದರೂ ಒಂದು ಪ್ರಕರಣವನ್ನು ನೆನೆದರೆ ಇವತ್ತಿಗೂ ಎದೆ ಉಬ್ಬುತ್ತದೆ, ಮೀಸೆ ತಿರುವಬೇಕೆನಿಸುತ್ತದೆ. ನನಗೆ ಮೀಸೆ ಇಲ್ಲ, ಅದು ಬೇರೆ ಮಾತು.

ಕಾರ್ಕಳದ ವಸಂತಿ ಟೀಚರ್ ಒಂದು ಬೆಳಿಗ್ಗೆ ನಮ್ಮ ಕಚೇರಿಗೆ ಬಂದರು. ಶಾಲೆಯಿಂದ ನಿವೃತ್ತರಾದ ಮೇಲೆ ಬೇಹುಗಾರಿಕೆಯ ಕಾದಂಬರಿ ಬರೆಯುತ್ತಿದ್ದವರು. ನನ್ನ ಹೆಂಡತಿ ಅವರ ಧಾರಾವಾಹಿ ಓದಿ ಮುಗಿಸದೆ ಅನ್ನಕ್ಕೆ ಇಡುತ್ತಿರಲಿಲ್ಲ. ಟೀಚರ್ ಕುಳಿತವರೇ ಮೊಬೈಲನ್ನು ನನ್ನ ಮುಂದಿಟ್ಟರು.

"ನನ್ನಿಂದ ಒಂದು ತಪ್ಪಾಗಿದೆ ಸರ್. ಹಿಡಿದು ಹಾಕುವುದಾದರೆ ಹಾಕಿ. ಮೊದಲು ಇದನ್ನು ಓದಿ."

ಕೆಲವು ತಿಂಗಳಿಂದ ರಾಜೇಶ್ ಎಂಬ ಅಭಿಮಾನಿ ಅವರಿಗೆ ಸಂದೇಶ ಕಳಿಸುತ್ತಿದ್ದ. ಊರು ಕಲ್ಯಾಣಪುರವಂತೆ, ಬೆಳೆದದ್ದು ಗಲ್ಫ್‌ನಲ್ಲಂತೆ, ಪುಸ್ತಕಗಳ ಮುಖಪುಟ ಮಾಡುವ ಕಲಾವಿದನಂತೆ. ಹೊಸ ಕಾದಂಬರಿಯ ಮುಖಪುಟಕ್ಕೆಂದು ಕಾಪು ಕಡಲಲ್ಲಿ ಓಡಾಡುವ ಗಸ್ತು ದೋಣಿಗಳ ಫೋಟೊ ಕೇಳಿದ. ಟೀಚರ್ ಎರಡು ಕಳಿಸಿದರು. ಆಮೇಲೆ ಆ ದೋಣಿಗಳು ಎಷ್ಟು ಹೊತ್ತಿಗೆ ಮರಳುತ್ತವೆ, ನೌಕಾಪಡೆಗೆ ದೋಣಿ ಕಟ್ಟುವ ಯಾರ್ಡ್‌ನಲ್ಲಿ ಪರಿಚಯದವರು ಇದ್ದಾರೆಯೇ ಎಂದೆಲ್ಲ ಕೇಳತೊಡಗಿದ.

ಟೀಚರಿಗೆ ಸಂಶಯ ಬಂದದ್ದು ಅದರಿಂದಲ್ಲ. ತುಳುನಾಡಿನ ನಮ್ಮವರು ಹೊಸಬರನ್ನು ಕೇಳುವಂತೆ ಅವರೂ ಸುಮ್ಮನೆ, "ನಿಮ್ಮದು ಯಾವ ಬಳಿ?" ಎಂದು ಕೇಳಿದ್ದರು. ಬಳಿ ಎಂದರೆ ಕುಲದ ಗುರುತು, ಬೇರೆಡೆಯ ಗೋತ್ರವಿದ್ದಂತೆ. ಆದರೆ ನಮಗೆ ಅದು ಬರುವುದು ತಾಯಿಯಿಂದ. ಒಂದೇ ಬಳಿಯವರು ಮದುವೆಯಾಗುವ ಪದ್ಧತಿ ಇಲ್ಲ, ಹಾಗಾಗಿ ಅಪ್ಪನ ಬಳಿ ಮಗನಿಗೆ ಇರುವುದಿಲ್ಲ. ರಾಜೇಶ್ ಒಂದು ಬಳಿಯ ಹೆಸರು ಬರೆದು, "ಅಜ್ಜ, ಅಪ್ಪ, ನಾನು ಎಲ್ಲರೂ ಅದೇ" ಎಂದು ಜಂಬದಿಂದ ಸೇರಿಸಿದ್ದ.

"ಇದು ಎಲ್ಲಿಯೋ ಓದಿ ಕಲಿತದ್ದು ಮಾರಾಯ್ರೆ," ಎಂದರು ಟೀಚರ್. "ಅಮ್ಮನ ಬಾಯಿಂದ ಕೇಳಿದವನು ಹೀಗೆ ಹೇಳುವುದುಂಟಾ?"

ನಾನೂ ಅಲ್ಲೇ ಹತ್ತಿರದ ಹೆಬ್ರಿಯವನು, ಹೆಚ್ಚಿನ ವಿವರಣೆ ಬೇಕಿರಲಿಲ್ಲ. ನಮ್ಮ ಮೇಲಧಿಕಾರಿ ಘಟ್ಟದ ಮೇಲಿನವರು. ಬಳಿಯ ವಿಷಯ ಅವರ ತಲೆಗೆ ಹತ್ತಲಿಲ್ಲ, ಎರಡು ಫೋಟೊ ಮಾತ್ರ ಕಣ್ಣಿಗೆ ಬಿದ್ದವು. "ಫೋಟೊ ಕಳಿಸಿದ್ದು ಈಕೆ. ಮೊದಲ ಆರೋಪಿಯೂ ಈಕೆಯೇ" ಎಂದರು. ಊರಿಡೀ ಕೈಮುಗಿಯುವ ಟೀಚರಿಗೆ ದೇಶದ್ರೋಹಿಯ ಪಟ್ಟ ಸಿಗುವುದರಲ್ಲಿತ್ತು. ನನಗೆ ಸಿಟ್ಟು ಬಂತು. ತಾನಾಗಿ ಬಂದವರನ್ನು ಜೈಲಿಗೆ ಹಾಕಿದರೆ ನಾಳೆ ನಮ್ಮ ಬಾಗಿಲು ಯಾರು ತಟ್ಟುತ್ತಾರೆ ಎಂದು ವಾದಿಸಿದೆ. ಕೊನೆಗೆ ಒಂದು ವಾರ ಕೊಟ್ಟರು. ಅಷ್ಟರೊಳಗೆ ರಾಜೇಶನ ಇಲ್ಲಿನ ಮನುಷ್ಯ ಸಿಗದಿದ್ದರೆ ಟೀಚರನ್ನು ಬಂಧಿಸಬೇಕು.

ಹೊರದೇಶದಲ್ಲಿ ಕುಳಿತು ಆಡಿಸುವವನಿಗೆ ನಾವು ಹ್ಯಾಂಡ್ಲರ್ ಎನ್ನುತ್ತೇವೆ. ರಾಜೇಶ್ ಅಂಥವನು. ಅವನನ್ನು ಮುಟ್ಟುವುದು ನಮ್ಮಿಂದಾಗದು, ಆದರೆ ಇಲ್ಲಿ ಅವನಿಗೆ ಕೆಲಸ ಮಾಡಿಕೊಡುವ ಒಬ್ಬ ಇದ್ದೇ ಇರುತ್ತಾನೆ. ಅವನ ಮನುಷ್ಯನನ್ನು ಹೊರಗೆಳೆಯಲು ಒಂದು ಒಳ್ಳೆಯ ಸುಳ್ಳು ಬೇಕಿತ್ತು. ನಾನು ಬರೆದುಕೊಟ್ಟದ್ದನ್ನು ಓದಿ ಟೀಚರ್ ನಕ್ಕುಬಿಟ್ಟರು.

"ಎಂತ ಸರ್, ಇದು ಪಂಚನಾಮೆಯ ಹಾಗೆ ಉಂಟು!"

ಮತ್ತೆ ತಾವೇ ಬರೆದರು. ಹಳೆಯ ಶಿಷ್ಯನೊಬ್ಬ ಯಾರ್ಡ್‌ನ ಒಳಗಿನ ಫೋಟೊಗಳ ಮೆಮೊರಿ ಕಾರ್ಡ್ ಕೊಟ್ಟಿದ್ದಾನೆ, ಅದನ್ನು ಫೋನಿಗೆ ಹಾಕಲು ತನಗೆ ಬರುವುದಿಲ್ಲ, ಕೇಳಿದರೆ ಮೊಮ್ಮಗಳು ಬೈಯುತ್ತಾಳೆ. ಬೈಯುವ ಮೊಮ್ಮಗಳು ನನಗೆ ಏಳು ಜನ್ಮಕ್ಕೂ ಹೊಳೆಯುತ್ತಿರಲಿಲ್ಲ. ಮೀನು ಗಾಳ ಕಚ್ಚಿತು. ಕಾರ್ಡ್ ಒಯ್ಯಲು ತನ್ನ ಕಸಿನ್ ಬರುತ್ತಾನೆ ಎಂದು ರಾಜೇಶ್ ಬರೆದ.

ನಾನು ನಿರ್ಜನ ಜಾಗವೊಂದನ್ನು ಹೇಳಿದೆ. ಟೀಚರ್ ಒಪ್ಪಲಿಲ್ಲ. "ಜನ ಇಲ್ಲದಲ್ಲಿ ನಿಮ್ಮವರು ಅಡಗುವುದೆಲ್ಲಿ? ಭಾನುವಾರ ಸಂಜೆ ಕಾಪು ಲೈಟ್‌ಹೌಸ್‌ನ ಹತ್ತಿರ ಆಗಲಿ."

ಹಾಗೆಯೇ ಆಯಿತು. ನಮ್ಮ ಕಾನ್ಸ್‌ಟೇಬಲ್ ಒಬ್ಬ ಚರುಮುರಿ ಮಾರುತ್ತ ನಿಂತ. ಮಣಿಪಾಲದ ವಿದ್ಯಾರ್ಥಿಗಳು ಅವನನ್ನು ಮುತ್ತಿಕೊಂಡು ಫಜೀತಿ ಮಾಡಿದರು. ಕೆಂಪು ಟೋಪಿಯ ಯುವಕನೊಬ್ಬ ಬಂದು ಟೀಚರಿಗೆ ನಮಸ್ಕರಿಸಿ ಕಾರ್ಡ್ ತೆಗೆದುಕೊಂಡ. ನಾವು ಹಿಡಿದೆವು. ಅವನು ಅದೇ ಯಾರ್ಡ್‌ನ ಗುತ್ತಿಗೆ ನೌಕರ. ಅವನ ಮೊಬೈಲಿನಲ್ಲಿ ಆಗಲೇ ರಾಜೇಶನಿಗೆ ಕಳಿಸಿದ ಹತ್ತಾರು ಫೋಟೊಗಳಿದ್ದವು. ಕಾರ್ಡಿನಲ್ಲಿದ್ದದ್ದು ಟೀಚರ್ ಮೊಮ್ಮಗಳ ಹುಟ್ಟುಹಬ್ಬದ ಚಿತ್ರಗಳು. ರಾಜೇಶನ ನಂಬರ್ ಅಂದೇ ಸತ್ತುಹೋಯಿತು.

ಆರೋಪಪಟ್ಟಿಯಲ್ಲಿ ವಸಂತಿ ಟೀಚರ್ ಮೊದಲ ಸಾಕ್ಷಿ. ಮೇಲಧಿಕಾರಿಯೇ ಅದಕ್ಕೆ ಸಹಿ ಹಾಕಿದರು, ಟೀಚರಿಗೆ ಒಂದು ಸೆಲ್ಯೂಟ್ ಕೂಡ ಹೊಡೆದರು.

ವಿಚಾರಣೆಯ ದಿನ ನಾನೂ ನ್ಯಾಯಾಲಯದಲ್ಲಿದ್ದೆ. ಆರೋಪಿಯ ವಕೀಲರು, "ಕಥೆ ಕಟ್ಟುವುದೇ ನಿಮ್ಮ ಕಸುಬು ಅಲ್ವಾ?" ಎಂದು ಕೆಣಕಿದರು.

"ಹೌದು," ಎಂದರು ಟೀಚರ್. "ಹಾಗಾಗಿ ಬೇರೆಯವರು ಕಟ್ಟಿದ್ದು ನನಗೆ ಬೇಗ ಗೊತ್ತಾಗ್ತದೆ."

ಸಂಶಯಪಡುವುದನ್ನು ಇಲಾಖೆ ಮೊದಲ ದಿನವೇ ಕಲಿಸುತ್ತದೆ. ತಪ್ಪನ್ನು ಕೈಯಲ್ಲಿ ಹಿಡಿದು ತಾನಾಗಿ ಬಂದವರನ್ನು ನಂಬಬೇಕು ಎಂಬುದು ನನಗೆ ತಿಳಿದದ್ದು ನೌಕರಿಯ ಕೊನೆಗಾಲಕ್ಕೆ. ಎಷ್ಟೋ ಜನರನ್ನು ಹಿಡಿದಿದ್ದೇನೆ. ಆದರೆ ಹೆಮ್ಮೆಯಿಂದ ಹೇಳಿಕೊಳ್ಳುವುದು, ಅಂದು ಹಿಡಿಯದೆ ಬಿಟ್ಟ ಒಬ್ಬರ ಬಗ್ಗೆ.