ಒಣ ಗಾರೆಯ ಮೇಲಿನ ಮುಖ

೧೯೪೩ರ ಕೊನೆಯ ಹೊತ್ತಿಗೆ ನಾನು ಇಟಲಿಯ ಬೆಟ್ಟವೊಂದರ ಮೇಲಿನ ಕ್ರೈಸ್ತ ಮಠದಲ್ಲಿ ವಿದ್ಯಾರ್ಥಿಯಾಗಿದ್ದೆ. ನನ್ನ ಊರು ಆಳಂದ ತಾಲ್ಲೂಕಿನ ನಿಂಬರ್ಗಾ. ಬೆಳಿಗ್ಗೆ ದೇವಶಾಸ್ತ್ರದ ಪಾಠ, ಮಧ್ಯಾಹ್ನ ಮಧ್ಯಯುಗದ ಭಿತ್ತಿಚಿತ್ರಗಳ ಸಂರಕ್ಷಣೆಯ ಕೆಲಸ. ಯುದ್ಧದಲ್ಲಿ ನಾನು ಶತ್ರು ದೇಶದವನಾದರೂ, ಗುರು ಫಾದರ್ ಆನ್ಸೆಲ್ಮೊ ಪೊಲೀಸರಿಗೆ ಜಾಮೀನು ನಿಂತು ಉಳಿಸಿಕೊಂಡಿದ್ದರು. ಮಠದ ಗೋಡೆ ದಾಟಬಾರದೆಂಬುದೊಂದೇ ಷರತ್ತು.

ಆ ವರ್ಷ ಇಟಲಿ ಶರಣಾದಾಗ ಜರ್ಮನ್ ಸೈನ್ಯ ಆ ಸೀಮೆಯನ್ನು ಹಿಡಿಯಿತು. ಸೆರೆಶಿಬಿರಗಳಿಂದ ತಪ್ಪಿಸಿಕೊಂಡ ಭಾರತೀಯ ಸಿಪಾಯಿಗಳು ಬೆಟ್ಟಗಳಲ್ಲಿ ಅಡಗಿದ್ದರು. ಅಂಥವನೊಬ್ಬ ಒಂದು ಬೆಳಿಗ್ಗೆ ನಮ್ಮ ಅಡುಗೆಮನೆಯ ಬಾಗಿಲಲ್ಲಿ ಕುಸಿದುಬಿದ್ದ. ನನ್ನನ್ನು ಕರೆಸಿದರು. ದಖನಿ ಉರ್ದುವಿನಲ್ಲಿ ಊರು ಯಾವುದೆಂದು ಕೇಳಿದೆ. "ಜೇವರ್ಗಿ" ಎಂದ.

ಅದು ನಮ್ಮ ಜಿಲ್ಲೆಯ ಊರೇ. ಕನ್ನಡದಲ್ಲೇ ಕೂಗಿದೆ: "ನಾ ನಿಂಬರ್ಗಾದಂವ!"

ಅವನು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡ. "ಖರೇನ್ರಿ ಅಣ್ಣಾರ? ನಮ್ಮ ಮಾತು ಕಿವಿಗೆ ಬಿದ್ದು ಎಷ್ಟು ದಿನಾ ಆತ್ರಿ!"

ಅವನ ಹೆಸರು ಖಾಸಿಂ. ಫಾದರ್ ಅವನಿಗೆ ವಿದ್ಯಾರ್ಥಿಯ ನಿಲುವಂಗಿ ತೊಡಿಸಿ, ಚಿತ್ರದ ಗೋಡೆಗೆ ಕಟ್ಟಿದ್ದ ಅಟ್ಟಣಿಗೆಯ ಮೇಲೆ ನನ್ನ ಜೊತೆ ನಿಲ್ಲಿಸಿದರು.

ವಾರ ಕಳೆಯುವುದರೊಳಗೆ ತಪಾಸಣೆಗೆ ಜರ್ಮನ್ ಅಧಿಕಾರಿ ಬಂದ. ನನ್ನ ಕಾಗದಪತ್ರ ನೋಡಿ ಮರಳಿಸಿದ. ಖಾಸಿಂನದು ಪೊಲೀಸ್ ಕಚೇರಿಯಲ್ಲಿದೆ ಎಂದು ಫಾದರ್ ಹೇಳಿದರು. ಅಧಿಕಾರಿ ನಂಬಲಿಲ್ಲ. "ವಿದ್ಯಾರ್ಥಿಯಾದರೆ ಕೆಲಸ ಮಾಡಿ ತೋರಿಸಲಿ," ಎಂದ. ಹಿಂದೆ ಇಬ್ಬರು ಸೈನಿಕರು ಬಂದೂಕು ಹಿಡಿದು ನಿಂತಿದ್ದರು.

ನಾವು ಶುಚಿ ಮಾಡುತ್ತಿದ್ದದ್ದು ಯೇಸುವಿನ ಜನನದ ಚಿತ್ರ. ಹಸಿ ಗಾರೆಯ ಮೇಲೆ ಹಚ್ಚಿದ ಬಣ್ಣ ಗೋಡೆಯೊಳಗೆ ಇಳಿದು ಗಟ್ಟಿಯಾಗುತ್ತದೆ. ಇದನ್ನೇ ಫ್ರೆಸ್ಕೊ ಎನ್ನುತ್ತಾರೆ. ಒಣ ಗಾರೆಯ ಮೇಲಿನ ಬಣ್ಣ ಮಾತ್ರ ಉಜ್ಜಿದರೆ ಉದುರುತ್ತದೆ. ಕುರುಬನೊಬ್ಬನ ಮುಖವನ್ನು ಹಾಗೆ ಒಣ ಗಾರೆಯ ಮೇಲೆಯೇ ಬರೆದಿದ್ದರು. ಅಧಿಕಾರಿ ಬೆರಳು ತೋರಿದ್ದು ಆ ಮುಖಕ್ಕೇ.

ಮೇಣದಬತ್ತಿಯ ಹೊಗೆಯ ಮಸಿ ತೆಗೆಯಲು ಬಳಸುವ ಮೆತ್ತನೆಯ ಬ್ರೆಡ್ಡನ್ನು ಖಾಸಿಂನ ಕೈಗೆ ಕೊಟ್ಟೆ. "ಹಗೂರ ಒತ್ತು ಸಾಕು. ತಿಕ್ಕಬ್ಯಾಡ."

ಅವನು ಬಂದೂಕುಗಳ ಕಡೆಗೇ ಕಣ್ಣಿಟ್ಟು ಬಲವಾಗಿ ಒತ್ತಿದ, ಒತ್ತಿದ್ದು ಜಾರಿತು. ಆರು ಶತಮಾನ ಉಳಿದುಬಂದಿದ್ದ ಮುಖ ಪುಡಿಯಾಗಿ ಅವನ ಬೆರಳಿಗೆ ಅಂಟಿತು. ಕಣ್ಣಿದ್ದಲ್ಲಿ ಬರಿಯ ಸುಣ್ಣ.

ಅಷ್ಟರಲ್ಲಿ ಫಾದರ್ ಆನ್ಸೆಲ್ಮೊ ಏಣಿ ಹತ್ತಿ ಬಂದು ಖಾಸಿಂನ ಕೆನ್ನೆಗೆ ಹೊಡೆದರು. "ಕತ್ತೆ! ಒಂದು ವರ್ಷದಿಂದ ಇದನ್ನೇ ಕಲಿಸುತ್ತಿದ್ದೇನಲ್ಲ!"

ಅವರ ಸಿಟ್ಟು ನಿಜವಾದದ್ದೇ. ಒಂದು ವರ್ಷ ಎಂಬುದಷ್ಟೇ ಸುಳ್ಳು. ಅಧಿಕಾರಿ ಗಹಗಹಿಸಿ ನಕ್ಕ. "ದಡ್ಡ ಶಿಷ್ಯರು ಎಲ್ಲ ಕಡೆಯೂ ಇರುತ್ತಾರೆ, ಫಾದರ್," ಎಂದು ಸೈನಿಕರನ್ನು ಕರೆದುಕೊಂಡು ಹೊರಟುಹೋದ.

ವಾಹನದ ಸದ್ದು ಅಡಗಿತು. ಆಮೇಲೆ ಖಾಸಿಂ ಅಲ್ಲೇ ಕುಳಿತು ಅತ್ತ. "ದೇವರ ಚಿತ್ರಾ ಕೆಡಿಸಿದೆನಲ್ರಿ ಅಣ್ಣಾರ. ಅವರಿಗೆ ಮಾಫಿ ಕೇಳಿದೆ ಅಂತ ಹೇಳ್ರಿ."

ನಾನು ಹೇಳಿದೆ. ಫಾದರ್ ತಾವು ಹೊಡೆದ ಕೆನ್ನೆಯನ್ನು ಸವರಿ, ಉಳಿದ ಬ್ರೆಡ್ಡನ್ನು ಅವನಿಗೆ ತಿನ್ನಲು ಕೊಟ್ಟರು. ಕೆಲ ದಿನಗಳ ನಂತರ ಹಳ್ಳಿಯವರೊಬ್ಬರು ಅವನನ್ನು ದಕ್ಷಿಣಕ್ಕೆ, ಮಿತ್ರಪಡೆಗಳಿದ್ದ ಕಡೆಗೆ ದಾಟಿಸಿದರು.

ಯುದ್ಧ ಮುಗಿದ ಮೇಲೆ, ಆ ಮುಖವನ್ನು ಮತ್ತೆ ಬರೆಯಲೇ ಎಂದು ಗುರುಗಳನ್ನು ಕೇಳಿದೆ. ಶುಚಿ ಮಾಡುವ ಮೊದಲೇ ಕಾಗದದ ಮೇಲೆ ಬಿಡಿಸಿಕೊಂಡಿದ್ದ ಅದರ ನಕಲು ನನ್ನ ಬಳಿಯಿತ್ತು. ಅವರು ಒಪ್ಪಲಿಲ್ಲ. "ಒಬ್ಬ ಮನುಷ್ಯ ಜೀವ ಉಳಿಸಿಕೊಂಡು ಹೋದ ಜಾಗ ಅದು. ಅದನ್ನು ಮುಚ್ಚಬೇಡ."

ಮುಂದೆ ಹಲವು ಊರುಗಳ ಗೋಡೆಗಳನ್ನು ರಿಪೇರಿ ಮಾಡಿದೆ. ಅಳಿಸಿಹೋದದ್ದನ್ನು ಈಗಲೂ ಇದೆಯೆಂದು ತೋರಿಸುವ ಬಣ್ಣವನ್ನು ಎಲ್ಲಿಯೂ ಹಚ್ಚಲಿಲ್ಲ. ಗೋಡೆ ಉಳಿಸುವವನು ಅದರ ಮುಂದೆ ನಿಂತವನನ್ನು ಮೊದಲು ಉಳಿಸಬೇಕೆಂಬುದನ್ನು ನಾನು ಕಲಿತದ್ದು ಆ ಅಟ್ಟಣಿಗೆಯ ಮೇಲೆ.